ದುಗ್ಗವ್ವ ವೈದ್ಯನನ್ನು ಆರಿಸಿದ್ದು

ವರದಾ ನದಿಯ ದಡದಲ್ಲಿ ಸೋವಿದೇವರ ಆಶ್ರಮ. ಹರಿದ ಕಿವಿ, ಹೋದ ಮೂಗು ಇವನ್ನು ಸರಿಮಾಡುವ ವೈದ್ಯರು ಅವರು.

ವಯಸ್ಸಾಗಿ ಅವರ ಕೈ ನಡುಗತೊಡಗಿತ್ತು. ನಡುಗಿದ ದಿನವೇ ಚೂರಿಯನ್ನು ಶಿಷ್ಯ ಬೊಮ್ಮರಸನ ಕೈಗಿತ್ತು, ತಾವು ಪಕ್ಕದಲ್ಲಿ ಕೂತು ನೋಡುವವರಾದರು.

ಬೊಮ್ಮರಸನದು ಸೊಗಸಾದ ಕೈ. ತಿರುಳಿಗೆ ಗೀರೂ ಬೀಳದಂತೆ ಸೋರೆಕಾಯಿಯ ಸಿಪ್ಪೆ ಬಿಡಿಸುತ್ತಿದ್ದ. ಅವನು ಹೊಲಿದ ಕಿವಿಯಲ್ಲಿ ಹೊಲಿಗೆಯ ಗುರುತು ಹುಡುಕಿದರೂ ಸಿಗುತ್ತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು.

ಒಂದು ಬೆಳಿಗ್ಗೆ ಸೆರಗಿನಿಂದ ಮುಖ ಮುಚ್ಚಿಕೊಂಡ ಹೆಂಗಸೊಬ್ಬಳು ಬಂದಳು. ಹೆಸರು ದುಗ್ಗವ್ವ. ಊರೂರು ತಿರುಗಿ ಬಳೆ ಮಾರುವವಳು. ಕಾಡುದಾರಿಯಲ್ಲಿ ಕಳ್ಳರು ಅವಳ ಮೂಗುತಿಗೆ ಕೈ ಹಾಕಿದ್ದರು. ಬಿಚ್ಚಲು ಪುರುಸೊತ್ತಿಲ್ಲದೆ ಮೂಗನ್ನೇ ಕೊಯ್ದುಕೊಂಡು ಹೋಗಿದ್ದರು.

ಅವಳು ಸೆರಗು ಸರಿಸಿದಳು.

"ಬಳಿ ಇಡಿಸ್ಕೊಳ್ಳೋರು ಕೈ ಕೊಡ್ತಾರ, ಮಾರಿ ಆ ಕಡೆ ತಿರುಗಸ್ತಾರ," ಅಂದಳು. "ಬಸುರಿ ಹೆಂಗಸರ ಮನೀಗೆ ನನ್ನ ಕರಿಯೋದ ಬಿಟ್ಟಾರ."

ಬೊಮ್ಮರಸ ಗಾಯದ ಅಂಚನ್ನು ಮುಟ್ಟಿ ನೋಡಿದ. "ಆಗುತ್ತೆ ಅವ್ವಾ. ಮಾಡಿಕೊಡ್ತೀನಿ."

"ತಡಿ. ಪ್ಯಾಟ್ಯಾಗ ಇನ್ನೊಬ್ಬ ವೈದ್ಯ ಅದಾನ. ದೇವಿ ಮೂರ್ತಿಗೆ ಇರತೈತಲ್ಲ, ಅಂಥಾ ಮೂಗು ಮಾಡ್ತೀನಿ ಅಂದಾನ. ನೀ ಎಂಥಾದ್ದು ಮಾಡ್ತಿ?"

"ಮೊದಲಿದ್ದ ಹಾಗೇ ಮಾಡ್ತೀನಿ."

"ಮೊದಲಿದ್ದದ್ದು ನೀ ನೋಡಿಯೇನು?"

ಬೊಮ್ಮರಸ ಗಾಯದಿಂದ ಕೈ ತೆಗೆದ.

"ನಿನ್ನ ಕೈಯಾಗ ಯಾರ ಮೂಗರ ಕೆಟ್ಟೈತೇನು?" ದುಗ್ಗವ್ವ ಕೇಳಿದಳು.

"ಇಲ್ಲ. ಒಂದೂ ಇಲ್ಲ."

ಮೂಲೆಯಲ್ಲಿ ಬೇರು ತೇಯುತ್ತಿದ್ದ ಸೋವಿದೇವರ ಕೈ ನಿಂತಿತು.

"ಅವ್ವಾ," ಅಂದರು, "ಹೊಳೆಯಾಚೆ ಹೊನ್ನ ಅಂತ ಒಬ್ಬ ಇದ್ದಾನೆ. ಬುಟ್ಟಿ ಹೆಣೆಯುವವನು. ಅವನ ಮುಖ ನೋಡಿ ಬಾ. ಆಮೇಲೆ ತೀರ್ಮಾನ ಮಾಡು."

ಅವಳು ದೋಣಿ ಹತ್ತಿದಳು. ಬೊಮ್ಮರಸ ಗುರುಗಳ ಬಳಿ ಬಂದ.

"ಗುರುಗಳೇ, ಅವಳಿನ್ನು ಬರೋದಿಲ್ಲ."

"ಬರದಿದ್ದರೆ?"

"ಆ ಪೇಟೆಯವನ ಹತ್ತಿರ ಹೋಗ್ತಾಳೆ. ಅವನು ಕೆಡಿಸಿಬಿಡ್ತಾನೆ."

"ನಿನ್ನ ಬಗ್ಗೆ ಅವನೂ ಹೀಗೇ ಹೇಳ್ತಿರಬಹುದು," ಎಂದು ಗುರುಗಳು ಮತ್ತೆ ಬೇರು ತೇಯತೊಡಗಿದರು.

ದುಗ್ಗವ್ವ ಮಧ್ಯಾಹ್ನ ಇಳಿಯುವ ಹೊತ್ತಿಗೆ ಬಂದಳು. ಬಂದವಳು ನೇರವಾಗಿ ಬೊಮ್ಮರಸನ ಎದುರು ನಿಂತಳು.

"ಅಂವಗ ಮೂಗಿಲ್ಲ."

ಬೊಮ್ಮರಸ ತಲೆ ತಗ್ಗಿಸಿದ.

"ನೀ ಕೂಡಿಸಿದ್ದು ಕರ್ರಗಾಗಿ ಉದುರಿತಂತ. ಖರೇ ಏನು?"

"ಹೌದು."

"ಯಾಕ ಹಂಗಾತು?"

ಬೊಮ್ಮರಸ ತಲೆ ತಗ್ಗಿಸಿಯೇ ಹೇಳಿದ. "ಹಣೆಯ ಚರ್ಮವನ್ನು ಮೂಗಿನ ಅಳತೆಗೆ ಕೊಯ್ದು ಕೆಳಗೆ ತಿರುಗಿಸಿ ಹೊಲೀತೀವಿ. ಪೂರ್ತಿ ಕೊಯ್ಯಬಾರದು. ಹುಬ್ಬುಗಳ ನಡುವೆ ಒಂದು ತೊಟ್ಟು ಉಳಿಸಬೇಕು. ಹೊಸ ಜಾಗದಲ್ಲಿ ಬೇರು ಬಿಡೋವರೆಗೂ ಅದಕ್ಕೆ ಆ ತೊಟ್ಟಿನಿಂದಲೇ ರಕ್ತ. ನಾನು ತೊಟ್ಟನ್ನ ತೀರಾ ಸಣ್ಣಗೆ ಕೊಯ್ದೆ. ಮೊದಲ ದಿನದಿಂದಲೇ ಅಂದವಾಗಿ ಕಾಣಲಿ ಅಂತ. ರಕ್ತ ಇಳೀಲಿಲ್ಲ."

"ಅದಕ್ಕ ಅಂವಗ ಸಿಟ್ಟಿಲ್ಲ," ಅಂದಳು ದುಗ್ಗವ್ವ. "ಕೆಟ್ಟ ಮ್ಯಾಲೆ ಈ ಅಜ್ಜಾರು ಹೋಗಿ ಗಾಯ ತೊಳದರಂತ. ನೀ ಒಮ್ಮೆನೂ ಆ ಕಡೆ ಸುಳೀಲಿಲ್ಲಂತ. ಅದಕ್ಕ ಸಿಟ್ಟು."

"ನನಗೆ ನೋಡೋಕೆ ಆಗಲಿಲ್ಲ ಅವ್ವಾ."

"ಆ ಮಾರಿ ಹೊತ್ಕೊಂಡು ಅಂವ ದಿನಾ ಇರತಾನ. ನಿನಗ ಒಮ್ಮೆ ನೋಡಾಕ ಆಗಲಿಲ್ಲ."

ಬೊಮ್ಮರಸ ಗುರುಗಳ ಕಡೆ ತಿರುಗಿದ. ಅವರು ಏನಾದರೂ ಒಂದು ಮಾತು ಹೇಳಿ ತನ್ನನ್ನು ಬಿಡಿಸಿಯಾರು ಅಂದುಕೊಂಡ.

ಸೋವಿದೇವರು ಎದ್ದು, ಗೋಡೆಗೆ ಒರಗಿಸಿದ್ದ ದೋಣಿಯ ಹುಟ್ಟನ್ನು ತಂದು ಅವನ ಕೈಗೆ ಕೊಟ್ಟರು.

ಅವನು ಹೋದ.

ಹೊನ್ನ ಅಂಗಳದಲ್ಲಿ ಬಿದಿರು ಸೀಳುತ್ತಿದ್ದ. ತಲೆ ಎತ್ತಲಿಲ್ಲ.

"ನಾನು ಬೊಮ್ಮರಸ."

"ಗೊತ್ತೈತಿ. ಕೂಡು."

ಬೊಮ್ಮರಸ ಕೂತ. ಹೊನ್ನ ಕತ್ತಿ ಕೆಳಗಿಟ್ಟು, ಬೊಮ್ಮರಸನ ಕೈ ಹಿಡಿದು, ತನ್ನ ಮುಖದ ನಡುವಿನ ಹಳ್ಳದ ಮೇಲೆ ಇಟ್ಟುಕೊಂಡ.

ಬೆರಳುಗಳಿಗೆ ಅವನ ಉಸಿರು ತಾಗಿತು. ಬಿಸಿಯಾದ, ಒಣ ಉಸಿರು.

"ಒಳಗ ಒಣಗಿ ಬಿರೀತೈತಿ," ಅಂದ ಹೊನ್ನ. "ಚಳಿಗಾಲಕ್ಕ ಭಾಳ ನೋವು."

ಬೊಮ್ಮರಸ ಅಳತೊಡಗಿದ.

"ಅಳಬ್ಯಾಡ. ಅತ್ತರ ನನಗೇನು ಬಂತು? ಇದಕ್ಕ ಏನರ ಮಾಡಾಕ ಬರತೈತೇನು, ಅಷ್ಟ ಹೇಳು."

ಬೊಮ್ಮರಸ ಕಣ್ಣೊರೆಸಿಕೊಂಡ. ಹೊನ್ನನ ಗದ್ದ ಹಿಡಿದು, ಮುಖವನ್ನು ಬೆಳಕಿಗೆ ತಿರುಗಿಸಿ, ಮೂಗು ಉದುರಿದ ಮೇಲೆ ಮೊದಲ ಸಲ ನೋಡಿದ. ಹಣೆಯ ಹಳೆಯ ಗಾಯವನ್ನು ಒತ್ತಿ ನೋಡಿದ.

"ಮತ್ತೆ ಮೂಗು ಕೂಡಿಸೋಕೆ ಚರ್ಮ ಸಾಲದು," ಅಂದ. "ಆಗುತ್ತೆ ಅಂತ ಹೇಳಿದರೆ ಸುಳ್ಳಾಗುತ್ತೆ. ಒಣಗದ ಹಾಗೆ ಎಳ್ಳೆಣ್ಣೆಯಲ್ಲಿ ಕಾಸಿದ ಔಷಧ ಇದೆ. ನಾನೇ ತಂದು ಹಾಕ್ತೀನಿ."

"ಬಾ ಹಂಗಾರ," ಅಂದು ಹೊನ್ನ ಮತ್ತೆ ಬಿದಿರು ಎತ್ತಿಕೊಂಡ.

ದುಗ್ಗವ್ವ ಆ ರಾತ್ರಿ ಆಶ್ರಮದ ಜಗುಲಿಯ ಮೇಲೆಯೇ ಮಲಗಿದ್ದಳು. ಬೆಳಗಾದ ಮೇಲೆ ಬೊಮ್ಮರಸ ಅವಳ ಎದುರು ಬಂದು ಕೂತ.

"ಅವ್ವಾ, ಮೊದಲಿದ್ದ ಹಾಗೆ ಆಗೋದಿಲ್ಲ. ಹಣೆ ಮೇಲೆ ಗುರುತು ಉಳಿಯುತ್ತೆ. ಚರ್ಮ ಕೂಡಿಕೊಳ್ಳೋವರೆಗೆ ತೊಟ್ಟು ಸೊಂಡಿಲಿನ ಹಾಗೆ ಕಾಣುತ್ತೆ, ಜನ ನಗ್ತಾರೆ. ಅದನ್ನ ಕತ್ತರಿಸಿದ ಮೇಲೂ ಬಾವು ಬೇಗ ಇಳಿಯೋದಿಲ್ಲ. ಮಳೆಗಾಲ ಕಳೆದು ಚಳಿಗಾಲ ಕಳೀಬೇಕು. ಮತ್ತೆ, ಹೊನ್ನನಿಗೆ ಆದ ಹಾಗೆ ನಿನಗೂ ಆಗಬಹುದು."

"ಆದ್ರ?"

"ಆದ್ರೆ, ನೀನು ಯಾವ ಊರಲ್ಲಿದ್ದರೂ ಬರ್ತೀನಿ. ನೋಡ್ತೀನಿ."

ದುಗ್ಗವ್ವ ತಲೆಯಾಡಿಸಿದಳು.

"ಪ್ಯಾಟಿ ವೈದ್ಯಗೂ ಕೇಳಿದ್ದೆ, ಕೆಟ್ಟರ ಹೆಂಗ ಅಂತ. ‘ಅಪಶಕುನ ಆಡಬ್ಯಾಡ’ ಅಂದ."

ಅಷ್ಟು ಹೇಳಿ ಎದ್ದು ಒಳಗೆ ಹೋಗಿ ಚಾಪೆಯ ಮೇಲೆ ಮಲಗಿದಳು.

ನೋವು ತಿಳಿಯದಿರಲೆಂದು ಅವಳಿಗೆ ಹೆಂಡ ಕುಡಿಸಿದರು. ಬೊಮ್ಮರಸ ಒಂದು ಎಲೆಯನ್ನು ಮೂಗಿನ ಅಳತೆಗೆ ಕತ್ತರಿಸಿ, ಹಣೆಯ ಮೇಲಿಟ್ಟು ಗೆರೆ ಎಳೆದ. ಗೆರೆಯ ಮೇಲೆ ಚೂರಿ ಆಡಿಸಿದ. ಅವನ ಕೈ ಹುಬ್ಬುಗಳ ನಡುವೆ ಬಂದು ನಿಂತಿತು.

ಸಣ್ಣ ತೊಟ್ಟು ನೋಡಲು ಚೆಂದ. ಅಗಲ ತೊಟ್ಟು ಒರಟು. ಅವನು ಗುರುಗಳ ಕಡೆ ನೋಡಿದ.

ಸೋವಿದೇವರು ಮುಖವನ್ನು ಹೊಳೆಯ ಕಡೆ ತಿರುಗಿಸಿಕೊಂಡರು.

ಬೊಮ್ಮರಸ ತೊಟ್ಟನ್ನು ಅಗಲವಾಗಿ ಉಳಿಸಿದ. ಉಸಿರಿಗೆಂದು ಔಡಲದ ಟೊಳ್ಳು ದಂಟುಗಳನ್ನು ಇಟ್ಟು, ಸುತ್ತ ಹೊಲಿದ. ಮೂಗಿಗಿಂತ ಅದು ಸುಟ್ಟ ಬದನೆಕಾಯಿಯ ಹಾಗೆಯೇ ಹೆಚ್ಚು ಕಾಣುತ್ತಿತ್ತು.

ಮರುದಿನ ಅದರ ತುದಿ ನೀಲಿಗಟ್ಟಿತು.

ಬೊಮ್ಮರಸನ ಕಾಲುಗಳು ಹೊರಗೆ ಓಡು ಅಂದವು. ಅವನು ಅವಳ ಪಕ್ಕದಲ್ಲೇ ಕೂತ. ರಕ್ತ ಇಳಿಯಲೆಂದು ಬಿಗಿಯಾಗಿದ್ದ ಹೊಲಿಗೆಗಳನ್ನು ಬಿಚ್ಚಿ ಸಡಿಲಮಾಡಿದ. ಅಲ್ಲಿ ಗುರುತು ಉಳಿಯುತ್ತದೆಂದು ಗೊತ್ತಿದ್ದೇ ಬಿಚ್ಚಿದ.

"ಕರ್ರಗಾಗೈತೇನು?" ದುಗ್ಗವ್ವ ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ನೀಲಿಯಾಗಿದೆ. ಉಳಿಯುತ್ತೋ ಇಲ್ಲವೋ ನನಗಿನ್ನೂ ಗೊತ್ತಿಲ್ಲ."

"ನೀ ಇಲ್ಲೇ ಇರತೀಯೇನು?"

"ಇರ್ತೀನಿ."

ಬಿಸಿಲೇರುವ ಹೊತ್ತಿಗೆ ತುದಿಯಲ್ಲಿ ಮೆಲ್ಲಗೆ ಕೆಂಪು ಮೂಡಿತು.

ಚರ್ಮ ಕೂಡಿಕೊಂಡ ಮೇಲೆ ತೊಟ್ಟನ್ನು ಕತ್ತರಿಸಿದ. ದುಗ್ಗವ್ವ ಅಲ್ಲೇ ಉಳಿದು ಕಸ ಗುಡಿಸಿದಳು, ಬೇರು ಒಣಗಿಸಿದಳು, ಬಂದ ರೋಗಿಗಳಿಗೆ ಗಂಜಿ ಕಾಸಿದಳು. ಚಳಿ ಕಳೆಯಿತು. ಬಾವು ಇಳಿಯಿತು.

ಮೂಗು ದಪ್ಪಗಿತ್ತು. ಸ್ವಲ್ಪ ಎಡಕ್ಕೆ ವಾಲಿತ್ತು. ಒಂದು ಬದಿಯಲ್ಲಿ ಹೊಲಿಗೆಯ ಗುರುತು ಎದ್ದು ಕಾಣುತ್ತಿತ್ತು.

ಅವಳು ಕೊಡದ ನೀರಿನಲ್ಲಿ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು.

"ನಮ್ಮವ್ವ ಕೊಟ್ಟ ಮೂಗಲ್ಲ ಇದು."

"ಅಲ್ಲ ಅವ್ವಾ," ಅಂದ ಬೊಮ್ಮರಸ. "ವಾಲಿದೆ."

"ವಾಲಲಿ ಬಿಡು. ಐತಲ್ಲ! ಇದ್ದದ್ದು ನೋಡಿ ಜನ ನಗಲಿ. ಇಲ್ಲದ್ದು ನೋಡಿ ಹೆದರೋದು ಸಾಕಾಗಿತ್ತು."

ಬಳೆಯ ಮಲಾರ ಹೆಗಲಿಗೇರಿಸಿ, ಸೆರಗನ್ನು ತಲೆಯ ಮೇಲಷ್ಟೇ ಹೊದ್ದು, ಸೋವಿದೇವರ ಕಾಲಿಗೆ ನಮಸ್ಕರಿಸಿದಳು. ಬೊಮ್ಮರಸನ ಕೆನ್ನೆ ಸವರಿದಳು. ದಡ ಹತ್ತಿ ಊರಿನ ದಾರಿ ಹಿಡಿದಳು.

ಅವಳು ಕಾಣದಾಗುವವರೆಗೂ ಬೊಮ್ಮರಸ ನಿಂತೇ ಇದ್ದ.

"ಗುರುಗಳೇ, ಅವಳ ಮುಖ ನೋಡಿ ಇನ್ನು ಜನ ಬರ್ತಾರೆ. ನಿನ್ನ ಕೈ ಎಂಥದ್ದು, ನಿನ್ನ ನಂಬಬಹುದಾ ಅಂತ ಕೇಳ್ತಾರೆ. ನಾನು ಏನು ಹೇಳಲಿ?"

ಸೋವಿದೇವರು ತೇಯುವ ಕಲ್ಲನ್ನು ತೊಳೆದು ಬಿಸಿಲಿಗೆ ಇಟ್ಟರು.

"ಏನೂ ಹೇಳಬೇಡ," ಅಂದರು. "ಹೊನ್ನನ ಹತ್ತಿರ ಹೊಳೆ ದಾಟಿಸು."