ಹುಳಿ ಇಳಿಸಿದ ನಿಂಬೆರಸ

ಹೊಳೆಯ ಆಚೆ ದಡದ ಊರಿನವರು ತಮಗೊಬ್ಬ ಗುರು ಬೇಕೆಂದು ಕೇಳಿದರು. ಆಶ್ರಮದ ಶಾಂತಯ್ಯನವರು ತಮ್ಮ ಶಿಷ್ಯೆ ನೀಲಾಂಬಿಕೆಯನ್ನು ಕಳಿಸುವುದಾಗಿ ಮಾತು ಕೊಟ್ಟರು.

ನೀಲಾಂಬಿಕೆ ಒಪ್ಪಲಿಲ್ಲ.

“ನನ್ನ ನಾಲಿಗೆ ಸರಿಯಿಲ್ಲ ಗುರುಗಳೇ. ಅನ್ನಿಸಿದ್ದನ್ನು ಅಂದುಬಿಡುತ್ತೇನೆ. ನಿನ್ನೆ ಭಜನೆಯಲ್ಲಿ ತೂಕಡಿಸುತ್ತಿದ್ದವರನ್ನು ಎಬ್ಬಿಸಿ, ಮನೆಗೆ ಹೋಗಿ ಮಲಗಿ ಅಂದೆ.”

“ಹೋದರೇ?”

“ಹೋದರು.”

“ಪುಣ್ಯವಂತರು. ನನಗೂ ನಿದ್ದೆ ಬಂದಿತ್ತು.”

“ನೀವು ನಗಬೇಡಿ. ಮೊದಲು ಈ ನಾಲಿಗೆ ಮೆತ್ತಗಾಗಲಿ, ಆಮೇಲೆ ಹೋಗುತ್ತೇನೆ.”

“ಯಾವಾಗ ಮೆತ್ತಗಾಗುತ್ತದೆ?”

“ದಿನಾ ಪರೀಕ್ಷೆ ಮಾಡಿಕೊಳ್ಳುತ್ತಲೇ ಇದ್ದೇನೆ. ನೋಡಿದಷ್ಟೂ ಕೆಟ್ಟದಾಗಿಯೇ ಕಾಣುತ್ತದೆ.”

ಗುರುಗಳು ಈಳಿಗೆಮಣೆ ಎಳೆದುಕೊಂಡರು.

“ಆ ಊರಿನವರು ಇವತ್ತು ಊಟಕ್ಕೆ ಬರುತ್ತಾರೆ,” ಎಂದರು. “ಸೌತೆಕಾಯಿ, ಮೂಲಂಗಿ ನಾನು ಹೆಚ್ಚುತ್ತೇನೆ. ಅದರ ಮೇಲೆ ಹಾಕುವುದಕ್ಕೆ ನಿಂಬೆರಸ ನೀನು ಕಲಸು.”

ನೀಲಾಂಬಿಕೆ ಬಟ್ಟಲಿಗೆ ನಿಂಬೆಹಣ್ಣು ಹಿಂಡಿದಳು. ಒಂದು ಕಿತ್ತಳೆಯನ್ನೂ ಹಿಂಡಿ, ಉಪ್ಪು, ಕುಟ್ಟಿದ ಮೆಣಸು, ಎಳ್ಳೆಣ್ಣೆ ಹಾಕಿ, ರಸ ಮಂದವಾಗುವವರೆಗೆ ಚಮಚದಿಂದ ಕಡೆದಳು. ತುಸು ನಾಲಿಗೆಗೆ ಹಚ್ಚಿಕೊಂಡಳು.

ಕಣ್ಣು ತಾನಾಗಿ ಮುಚ್ಚಿತು.

ಬೆಲ್ಲ ಹಾಕಿದಳು. ನೆಕ್ಕಿದಳು. ಇನ್ನೂ ಹುಳಿ. ನೀರು ಬೆರೆಸಿದಳು. ನೆಕ್ಕಿದಳು. ಮತ್ತೆ ಬೆಲ್ಲ, ಮತ್ತೆ ನೀರು. ಕೊನೆಗೆ ಮುಖ ಹಿಂಡದೆ ನೆಕ್ಕುವಂತಾಯಿತು.

ಗುರುಗಳು ಒಂದು ಹೋಳು ಸೌತೆಕಾಯಿಯನ್ನು ಅದರಲ್ಲಿ ಅದ್ದಿ ಅವಳ ಕೈಗೇ ಕೊಟ್ಟರು.

“ಹೇಗಿದೆ?”

“ಸಪ್ಪೆ,” ಎಂದಳು ನೀಲಾಂಬಿಕೆ, ಅಗಿಯುತ್ತ. “ಸೌತೆಕಾಯಿಯೂ ನೀರು, ಇದೂ ನೀರು.”

“ಇನ್ನೊಮ್ಮೆ ಮಾಡು. ಈ ಸಲ ರುಚಿ ನೋಡಬೇಡ.”

ಅಷ್ಟರಲ್ಲಿ ದೋಣಿ ದಡಕ್ಕೆ ಬಂತು. ಅವಳು ಗಡಿಬಿಡಿಯಲ್ಲಿ ಹೊಸದಾಗಿ ನಿಂಬೆ ಹಿಂಡಿ, ಬೆಲ್ಲವಿಲ್ಲದೆ, ನೀರಿಲ್ಲದೆ ಕಡೆದು ಹೋಳುಗಳ ಮೇಲೆ ಸುರಿದು ಕಲಸಿದಳು. ರುಚಿ ನೋಡದೆಯೇ ಬಡಿಸಿದಳು.

ಬಂದವರಲ್ಲಿ ಹಿರಿಯಳಾದ ಹೊನ್ನವ್ವ ಒಂದು ತುತ್ತು ತಿಂದು ಎಲೆ ಮುಂದೆ ಸರಿಸಿದಳು. “ಇನ್ನೊಂದಿಷ್ಟು ಹಾಕವ್ವ!”

ಪಕ್ಕದಲ್ಲಿ ಮಾಳಪ್ಪ ಎಂಬ ದಪ್ಪ ಮೀಸೆಯವನು ಕೂತಿದ್ದ. “ನನ್ನ ಹೆಂಡತಿಗೂ ಇಂಥದ್ದು ಬಹಳ ಇಷ್ಟ,” ಎಂದ.

“ಮತ್ತೆ ಅವರನ್ನು ಕರೆತರಲಿಲ್ಲವೇ?” ಎಂದು ನೀಲಾಂಬಿಕೆ ಬಡಿಸುತ್ತ ಕೇಳಿದಳು.

“ಗುರುಗಳ ಮಾತು ಅವಳಿಗೆಲ್ಲಿ ತಿಳಿಯುತ್ತದೆ ಅಂತ ಬಿಟ್ಟುಬಂದೆ.”

“ನಿಮಗೆ ತಿಳಿಯುತ್ತದೆ ಅಂತ ಯಾರು ಹೇಳಿದರು?”

ಮಾತು ಆಡಿಯಾಗಿತ್ತು. ಪಂಕ್ತಿಯಲ್ಲಿ ಎಲ್ಲರ ಕೈಯೂ ನಿಂತಿತು. ನೀಲಾಂಬಿಕೆ ಬಟ್ಟಲು ಹಿಡಿದು ಅಲ್ಲೇ ಕಲ್ಲಾದಳು.

ಹೊನ್ನವ್ವ ನಕ್ಕಳು. ನಕ್ಕು ನಕ್ಕು ನೆತ್ತಿಗೆ ಹತ್ತಿಸಿಕೊಂಡಳು. “ಇವನಿಗೆ ಇದನ್ನು ಹೇಳುವವರೇ ನಮ್ಮೂರಿನಲ್ಲಿ ಇರಲಿಲ್ಲ!”

ಮಾಳಪ್ಪನೂ ಮೀಸೆ ತಿರುವುವುದು ಬಿಟ್ಟು ತಲೆ ಕೆರೆದುಕೊಂಡ. “ಹೌದಲ್ಲ ತಾಯಿ,” ಎಂದ. “ನೀವು ನಮ್ಮೂರಿಗೆ ಬಂದ ದಿನ ಅವಳೇ ಮುಂದೆ ಕೂರುತ್ತಾಳೆ.”

ಊಟ ಮುಗಿಯಿತು. ಒಂದು ಹೋಳೂ ಉಳಿಯಲಿಲ್ಲ. ಕೈ ತೊಳೆದವರೆಲ್ಲ ದಡದ ಕಡೆ ನಡೆದರು.

ನೀಲಾಂಬಿಕೆ ಅಡುಗೆಮನೆಗೆ ಬಂದು, ಬಟ್ಟಲಿನ ತಳದಲ್ಲಿ ಉಳಿದ ರಸವನ್ನು ಬೆರಳಿನಿಂದ ಬಳಿದು ಬಾಯಿಗಿಟ್ಟಳು. ಹಲ್ಲು ಜುಂ ಎಂದವು.

“ಗುರುಗಳೇ, ಇದು ಮೊದಲಿನಷ್ಟೇ ಹುಳಿಯಿದೆ! ಅವರು ಇದನ್ನು ಹೇಗೆ ತಿಂದರು?”

“ಬರೀ ರಸ ನೆಕ್ಕುವವಳು ನೀನೊಬ್ಬಳೇ,” ಎಂದರು ಗುರುಗಳು. “ಓಡು, ನೀನು ಹತ್ತುವ ಮೊದಲೇ ದೋಣಿ ಬಿಡುತ್ತಿದ್ದಾರೆ.”