ಅಭಿಪ್ರಾಯ ಇದ್ದದ್ದು ಬೇರೆ ಪುಸ್ತಕದಲ್ಲಿ

ಸರ್ಕಾರಿ ಮಾಧ್ಯಮಿಕ ಶಾಲೆಯ ತಪಾಸಣೆಗೆ ಬಂದ ಸಾಹೇಬರು ಪೋಷಕರ ಅಭಿಪ್ರಾಯ ಪುಸ್ತಕ ತೆರೆದರು. ಅದರಲ್ಲಿ ಒಂದಕ್ಷರವೂ ಇರಲಿಲ್ಲ.

“ಯಾರಿಗೂ ಬೇಡದ ಶಾಲೆ. ಮುಚ್ಚಿಬಿಡಿ ಅಂತ ಬರೀತೀನಿ!”

ಬಿಸಿಯೂಟದ ಅಡುಗೆಯ ಫಕೀರವ್ವ ಸೆರಗಿಗೆ ಕೈ ಒರೆಸಿಕೊಂಡು ಹಾಜರಿ ಪುಸ್ತಕ ತಂದಿಟ್ಟಳು.

“ನಮ್ಮ ಮಂದಿಗೆ ಬರಿಯಾಕ ಬರಂಗಿಲ್ರೀ. ಅವರ ಅಭಿಪ್ರಾಯ ಇದರಾಗೈತಿ. ಈಗ ಮೆಣಸಿನಕಾಯಿ ಬಿಡಿಸೋ ಸುಗ್ಗಿ. ಹೊಲಕ್ಕ ಹೋದ್ರ ಹುಡುಗರಿಗೂ ಕೂಲಿ ಸಿಗತೈತಿ. ಒಂದು ಗೈರು ತೋರಸ್ರಿ ನೋಡೋಣು.”

ಸಾಹೇಬರು ಬೆರಳಿಟ್ಟು ಪುಟ ಪುಟ ಹುಡುಕಿದರು. ಒಬ್ಬ ಹುಡುಗನ ಎರಡು ದಿನದ ಜ್ವರದ ರಜೆ ಬಿಟ್ಟರೆ ಏನೂ ಸಿಗಲಿಲ್ಲ.

“ಮತ್ತೆ ಮಕ್ಕಳ ಅಭಿಪ್ರಾಯ?” ಅವರ ದನಿ ತಗ್ಗಿತ್ತು.

“ಊಟದ ಗಂಟಿ ಆಗಲೇ ಹೊಡದೀನ್ರಿ. ಅನ್ನ ಆರಾಕತ್ತೈತಿ. ಏಳನೇತ್ತೆಯವರು ಲೆಕ್ಕ ಬಿಟ್ಟು ಇನ್ನೂ ಎದ್ದಿಲ್ಲ.”

ಸಾಹೇಬರು ಗುಡಿಗೆ ಬಂದವರಂತೆ ಹೊರಗೇ ಬೂಟು ಬಿಚ್ಚಿ, ಏಳನೇ ತರಗತಿಯ ಕೊನೆಯ ಸಾಲಿನಲ್ಲಿ ಹೋಗಿ ಕೂತರು.