ಮುಚ್ಚಳಕ್ಕೆ ಹಚ್ಚಿದ ಗಂಧ

ಆಯುಧಪೂಜೆಯ ಮರುದಿನ ಹಳೆಯ ಜೀಪು ಏನು ಮಾಡಿದರೂ ಸ್ಟಾರ್ಟ್ ಆಗಲೊಲ್ಲದು. ಇನ್ನೊಮ್ಮೆ ಕೈಕೊಟ್ಟರೆ ಗುಜರಿಗೆ ಹಾಕುವೆನೆಂದು ಯಜಮಾನಿ ಕೆಂಚಮ್ಮ ಹೇಳಿಬಿಟ್ಟಳು. ಪೆಟ್ರೋಲ್ ಎಳೆಯುವ ಪಂಪು ಉಸಿರು ಕಟ್ಟಿ ಎಳೆದರೂ ಒಂದು ತೊಟ್ಟೂ ಬರಲಿಲ್ಲ.

"ನಿನಗೆ ವಯಸ್ಸಾಯಿತು ಬಿಡು," ಎಂದಿತು ಟ್ಯಾಂಕಿನ ಮುಚ್ಚಳ.

ಟ್ಯಾಂಕು ತುಂಬಿದೆ, ಪೈಪೂ ಸರಿಯಿದೆ. ಪಂಪಿಗೆ ಥಟ್ಟನೆ ಹೊಳೆಯಿತು. "ಅಕ್ಕಾ, ನಿನ್ನ ನೆತ್ತಿಯ ಗಾಳಿತೂತು ಮುಚ್ಚಿದೆ. ಒಳಗೆ ಗಾಳಿ ಹೋಗದೆ ಪೆಟ್ರೋಲ್ ಹೊರಗೆ ಬಾರದು."

"ಅದು ಪೂಜೆಯಲ್ಲಿ ಹಚ್ಚಿದ ಗಂಧ. ಅಳಿಸುವುದುಂಟೆ?"

"ಗುಜರಿಯಲ್ಲಿ ನಿನಗೆ ಗಂಧ ಹಚ್ಚುವವರು ಯಾರು ತಾಯಿ?"

ಕೆಂಚಮ್ಮ ಮತ್ತೆ ಕೀಲಿ ತಿರುಗಿಸಿದಾಗ ಮುಚ್ಚಳ ಜೀಪಿನೊಂದಿಗೆ ತಾನೂ ಜೋರಾಗಿ ಅದುರಿ, ಒಣಗಿದ ಗಂಧವನ್ನು ಉದುರಿಸಿತು. ಗಾಳಿ ಒಳನುಗ್ಗಿತು, ಪಂಪಿನ ಬಾಯ್ತುಂಬ ಪೆಟ್ರೋಲ್ ಬಂತು, ಜೀಪು ಗುಡುಗಿತು.

"ಪೂಜೆ ಫಲಿಸಿತು," ಎಂದಳು ಕೆಂಚಮ್ಮ.

ಪಂಪಿಗೆ ಉತ್ತರಿಸಲು ಪುರುಸೊತ್ತಿರಲಿಲ್ಲ. ಅದಕ್ಕೆ ಎಳೆಯುವ ಕೆಲಸವಿತ್ತು.